ಹಳೇ ರಿಪೋರ್ಟ್ ಎಲ್ಲಿದೆ? ಗ್ಲಾಕೋಮಾ ಮತ್ತು ಕಣ್ಣಿನ ಸ್ಕ್ಯಾನ್

ಗಂಗಾವತಿಯಲ್ಲಿ ನಿವೃತ್ತ ಶಿಕ್ಷಕರು, ರೈತರು, ರೈಸ್ ಮಿಲ್ ಕೆಲಸಗಾರರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಆಪ್ಟೋಮೆಟ್ರಿಸ್ಟ್. ಕಣ್ಣಿನ ಆಸ್ಪತ್ರೆಗೆ ಹೋದಾಗ ಕತ್ತಲೆ ಕೋಣೆಯಲ್ಲಿ ಕೂರಿಸಿ, "ಗದ್ದ ಇಲ್ಲಿಡ್ರಿ, ಹಣೆ ಒತ್ರಿ, ಹಸಿರು ಗುರುತು ನೋಡ್ರಿ, ರೆಪ್ಪೆ ಬಡೀಬ್ಯಾಡ್ರಿ" ಅಂತ ಒಬ್ಬರು ಹೇಳುತ್ತಾರಲ್ಲ, ಅದು ನನ್ನ ಕೆಲಸ. ಸ್ಕ್ಯಾನ್ ತೆಗೆಯುವುದು, ಅದು ಸರಿಯಾಗಿ ಬಂದಿದೆಯೋ ಇಲ್ಲವೋ ನೋಡುವುದು, ಡಾಕ್ಟರ್ ಮುಂದೆ ಇಡುವುದು. ಯಾವ ಔಷಧಿ ಹಾಕಬೇಕು ಅನ್ನುವುದು ಡಾಕ್ಟರಿಗೆ ಬಿಟ್ಟದ್ದು. ನಾನು ಮಾತಾಡುವುದು ನೀವು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ತರುವ ಆ ಬಣ್ಣದ ಕಾಗದದ ಬಗ್ಗೆ.

ಆ ಕೋಣೆಯಲ್ಲಿ ನಾನು ದಿನಾ ಕೇಳುವ ಮಾತೊಂದಿದೆ. "ಮೇಡಂ, ನನಗೆಲ್ಲಾ ಚಲೋ ಕಾಣ್ತೈತ್ರಿ. ಮತ್ಯಾಕ ಈ ಸ್ಕ್ಯಾನು?" ಕೇಳುವವರ ತಪ್ಪೇನಿಲ್ಲ. ಗ್ಲಾಕೋಮಾ ಇರುವುದೇ ಹಾಗೆ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ಪೇಪರ್ ಓದಲು ತೊಂದರೆಯಿಲ್ಲ. ಒಂದು ಬಗೆಯ ಗ್ಲಾಕೋಮಾದಲ್ಲಿ ಮಾತ್ರ ಏಕಾಏಕಿ ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಎಲ್ಲಾ ಬರುತ್ತದೆ. ಅಂಥವರು ತಾವಾಗಿಯೇ ಆಸ್ಪತ್ರೆಗೆ ಓಡಿ ಬರುತ್ತಾರೆ. ಚಿಂತೆ ಇರುವುದು ಸುಮ್ಮನೆ ಕೂತು ನರ ತಿನ್ನುವ ಬಗೆಯದ್ದು. ದಕ್ಷಿಣ ಭಾರತದಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದವರ ಪೈಕಿ ಹತ್ತರಲ್ಲಿ ಒಂಬತ್ತು ಜನಕ್ಕೆ ಅದು ಇರುವುದೇ ಗೊತ್ತಿರಲಿಲ್ಲ. ನಮ್ಮ ದೇಶದಲ್ಲಿ 40 ವರ್ಷ ದಾಟಿದವರಲ್ಲಿ ಸುಮಾರು 1.1 ಕೋಟಿ ಜನರಿಗೆ ಈ ಕಾಯಿಲೆ ಇದೆ ಎಂದು ಒಂದು ಅಂದಾಜು.

ಆಗುವುದಾದರೂ ಏನು? ಕಣ್ಣಿನಿಂದ ಮಿದುಳಿಗೆ ಹೋಗುವ ಒಂದು ನರ ಇದೆ. ಒಂದೊಂದು ಕಣ್ಣಿನ ನರದಲ್ಲೂ ಸುಮಾರು 12 ಲಕ್ಷ ಎಳೆಗಳು. ಇವು ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲೆ ಎಲ್ಲ ದಿಕ್ಕಿನಿಂದ ಹರಿದು ಬಂದು, ಹಿಂಭಾಗದ ಒಂದು ಕಿಂಡಿಯಲ್ಲಿ ಒಟ್ಟುಗೂಡಿ, ಬಾಗಿ ಹೊರಗೆ ಹೋಗುತ್ತವೆ. ಆ ಕಿಂಡಿಯ ಹತ್ತಿರವೇ ಎಳೆಗಳಿಗೆ ಏಟು ಬೀಳುವುದು. ಒಂದಿಷ್ಟು ಎಳೆ ಸತ್ತರೆ ಗೊತ್ತಾಗುವುದಿಲ್ಲ. ಮೊದಲು ಹೋಗುವುದು ನೇರ ನೋಟದ ಆಚೀಚೆಯ ಜಾಗ. ಒಂದು ಕಣ್ಣಿನಲ್ಲಿ ಕಾಣದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ, ಉಳಿದದ್ದನ್ನು ಮಿದುಳು ಸರಿದೂಗಿಸುತ್ತದೆ. ಫೀಲ್ಡ್ ಟೆಸ್ಟ್‌ನಲ್ಲಿ, ಅಂದರೆ ನೋಟ ಸುತ್ತಲೂ ಎಲ್ಲೆಲ್ಲಿ ಉಳಿದಿದೆ ಅಂತ ನೋಡುವ ಪರೀಕ್ಷೆಯಲ್ಲಿ, ತೊಂದರೆ ಕಾಣಿಸಿಕೊಳ್ಳುವ ಹೊತ್ತಿಗೆ ನರದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೂ ಹೋಗಿರಬಹುದು. ಹೋದ ಎಳೆ ವಾಪಸ್ ಬರುವುದಿಲ್ಲ. ಡ್ರಾಪ್ಸ್ ಹಾಕಲಿ, ಲೇಸರ್ ಮಾಡಲಿ, ಆಪರೇಷನ್ ಮಾಡಲಿ, ಎಲ್ಲವೂ ಇರುವುದನ್ನು ಉಳಿಸಿಕೊಳ್ಳಲು.

ನಮ್ಮ ಕಡೆ ಇದಕ್ಕೆ 'ಕಣ್ಣಿನ ಬಿಪಿ' ಅಂತ ಹೆಸರು ಬಿದ್ದಿದೆ. ಅದರಿಂದ ಒಂದು ತೊಂದರೆ ಆಗಿದೆ. ಕಣ್ಣಿನ ಪ್ರೆಶರ್, ಅಂದರೆ ಕಣ್ಣೊಳಗಿನ ದ್ರವದ ಒತ್ತಡ, ನಾರ್ಮಲ್ ಅಂದ ಕೂಡಲೇ ಜನ ಎದ್ದು ಹೊರಟುಬಿಡುತ್ತಾರೆ. ಪ್ರೆಶರ್ ಸಾಮಾನ್ಯವಾಗಿ 10ರಿಂದ 21ರ ನಡುವೆ ಇರುತ್ತದೆ ಅನ್ನುವುದು ನಿಜ. ಆದರೆ 16 ಇದ್ದವರಿಗೂ ನರ ಸವೆಯಬಹುದು, 24 ಇದ್ದವರು ವರ್ಷಾನುಗಟ್ಟಲೆ ಆರಾಮಾಗಿ ಇರಬಹುದು. ದಿನದ ಒಂದು ಹೊತ್ತಿಗೂ ಇನ್ನೊಂದು ಹೊತ್ತಿಗೂ ಪ್ರೆಶರ್ ಬದಲಾಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಅಳೆದ ನಂಬರು ಬೆಳಗಿನ ಜಾವದ ಕಥೆ ಹೇಳುವುದಿಲ್ಲ. ಪ್ರೆಶರ್ ಇಳಿಸುವುದೇ ಈಗ ನಮ್ಮ ಕೈಯಲ್ಲಿರುವ ಚಿಕಿತ್ಸೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನರ ಉಳಿದಿದೆಯಾ ಅಂತ ತಿಳಿಯಬೇಕಾದರೆ ನರವನ್ನೇ ನೋಡಬೇಕು, ಅಲ್ವಾ?

ನೋಡುವುದು ಬಹಳ ಕಾಲ ಆಗದ ಕೆಲಸವಾಗಿತ್ತು. ಬದುಕಿರುವ ಮನುಷ್ಯನ ಕಣ್ಣಿನ ಒಳಗೆ ಇಣುಕುವ ಸಾಧನವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ 1851ರಲ್ಲಿ ಪ್ರಕಟಿಸಿದ. ಆಮೇಲೆ ಒಂದು ತಮಾಷೆ ನಡೆಯಿತು. ಗ್ಲಾಕೋಮಾದಲ್ಲಿ ನರದ ತುದಿ ಒಳಕ್ಕೆ ಗುಳಿ ಬೀಳುತ್ತದೆ. ಆದರೆ ಮೊದಮೊದಲು ನೋಡಿದ ದೊಡ್ಡ ದೊಡ್ಡ ಡಾಕ್ಟರುಗಳೇ ಅದು ಉಬ್ಬಿಕೊಂಡಿದೆ ಅಂತ ಬರೆದರು. ಒಂದೇ ಕಣ್ಣಿನಿಂದ ಇಣುಕಿದರೆ ಆಳ ಗೊತ್ತಾಗುವುದಿಲ್ಲ, ಗುಳಿಯೂ ಗುಡ್ಡೆಯೂ ಒಂದೇ ತರ ಕಾಣುತ್ತವೆ. ಒಂದೆರಡು ವರ್ಷದಲ್ಲೇ ತಿದ್ದಿಕೊಂಡರು ಅನ್ನಿ. ಆಮೇಲೆ ಎಷ್ಟೋ ದಶಕ ಡಾಕ್ಟರುಗಳು ಕೇಸ್ ಶೀಟಿನಲ್ಲಿ ಒಂದು ಗುಂಡು ಬರೆದು, ಒಳಗೊಂದು ಗುಂಡು ಬರೆದು, ನರದ ತುದಿಯಲ್ಲಿ ಗುಳಿಯ ಪಾಲು ಎಷ್ಟು ಅಂತ 0.6, 0.7 ಎಂದು ನಮೂದಿಸುತ್ತಾ ಬಂದರು. ಈಗಲೂ ಬರೆಯುತ್ತಾರೆ, ಬರೆಯಲೇಬೇಕು. ಆದರೆ ಒಬ್ಬ ಡಾಕ್ಟರ್ 0.6 ಅಂದದ್ದನ್ನು ಇನ್ನೊಬ್ಬರು 0.7 ಅಂದರೆ ಕಾಯಿಲೆ ಜಾಸ್ತಿಯಾಯಿತೋ, ನೋಡುವ ಕಣ್ಣು ಬದಲಾಯಿತೋ? ಹೇಳುವುದು ಕಷ್ಟ. 1926ರಲ್ಲಿ ಕಣ್ಣಿನ ಹಿಂಭಾಗದ ಫೋಟೋ ತೆಗೆಯುವ ಕ್ಯಾಮೆರಾ ಮಾರುಕಟ್ಟೆಗೆ ಬಂತು. 1991ರಲ್ಲಿ ಅಮೆರಿಕದ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ ಮತ್ತು ಅವರ ತಂಡ ಓಸಿಟಿ ಎಂಬ ಹೊಸ ಸ್ಕ್ಯಾನ್ ವಿಧಾನವನ್ನು ಪ್ರಕಟಿಸಿತು. ಆಮೇಲೆ ನರದ ದಪ್ಪವನ್ನು ನಂಬರಿನಲ್ಲಿ ಹೇಳುವ ಕಾಲ ಶುರುವಾಯಿತು.

ಓಸಿಟಿಯಲ್ಲಿ ಎಕ್ಸ್‌ರೇ ಇಲ್ಲ. ಕಣ್ಣಿಗೆ ಹೆಚ್ಚುಕಮ್ಮಿ ಕಾಣದ ಅವಕೆಂಪು ಬೆಳಕು ಅಷ್ಟೇ. ಆ ಬೆಳಕನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಮಷಿನ್ನಿನೊಳಗಿನ ಕನ್ನಡಿಗೆ ಹೋಗಿ ಬರುತ್ತದೆ, ಇನ್ನೊಂದು ನಿಮ್ಮ ಕಣ್ಣೊಳಗೆ ಹೋಗಿ ಒಂದೊಂದು ಪದರಕ್ಕೂ ತಾಗಿ ವಾಪಸ್ ಬರುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಯಾವ ಪದರ ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಸಿಗುತ್ತದೆ. ಹೀಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ. ನಿಖರತೆ ಸುಮಾರು 5 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ ಇನ್ನೂರನೇ ಒಂದು ಭಾಗ. ನೀವು ಗದ್ದ ಇಟ್ಟು ಕೂತಿರುವ ಕೆಲವೇ ಸೆಕೆಂಡಿನಲ್ಲಿ ಇಷ್ಟೆಲ್ಲಾ ಮುಗಿದಿರುತ್ತದೆ. ಹೆಚ್ಚು ಹೊತ್ತು ಹಿಡಿಯುವುದು ನಿಮ್ಮನ್ನು ಸರಿಯಾಗಿ ಕೂರಿಸಲು.

ಈಗ ಆ ಕಾಗದ ಬಿಡಿಸೋಣ. ತಂದವರು ಒಮ್ಮೆ ಮುಂದೆ ಹಿಡಿಯಿರಿ.

ಮೇಲೆ ಹೆಸರು, ವಯಸ್ಸು, ತಾರೀಖು. ವಯಸ್ಸು ಸರಿಯಿದೆಯಾ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಮಷಿನ್ ನಿಮ್ಮನ್ನು ನಿಮ್ಮದೇ ವಯಸ್ಸಿನವರ ಜೊತೆ ಹೋಲಿಸುತ್ತದೆ. ಅಂದಾಜಿನಲ್ಲಿ ಹತ್ತು ವರ್ಷ ಆಚೀಚೆ ಬರೆಸಿದ್ದರೆ ಹೋಲಿಕೆಯೂ ಆಚೀಚೆ ಆಗುತ್ತದೆ. ಅದರ ಹತ್ತಿರವೇ ಸಿಗ್ನಲ್ ಅಂತ ಒಂದು ನಂಬರ್ ಇರುತ್ತದೆ. ಬಹಳ ಮಷಿನ್‌ಗಳಲ್ಲಿ 10ಕ್ಕೆ ಇಷ್ಟು ಅಂತ ಕೊಡುತ್ತಾರೆ. 6ಕ್ಕಿಂತ ಕಡಿಮೆ ಇದ್ದರೆ ಆ ಸ್ಕ್ಯಾನ್ ನಂಬಿಕೊಳ್ಳುವಂಥದ್ದಲ್ಲ. ನನ್ನನ್ನು ಕೇಳಿದರೆ ಇಡೀ ಕಾಗದದಲ್ಲಿ ರೋಗಿಯೇ ನೋಡಬಹುದಾದ, ನೋಡಲೇಬೇಕಾದ ನಂಬರ್ ಇದೊಂದೇ. ಕಮ್ಮಿ ಇದ್ದರೆ "ಇನ್ನೊಂದು ಸಲ ತೆಗೀತೀರಾ?" ಅಂತ ಕೇಳಿ. ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಕೇಳಿ.

ಆಮೇಲೆ ಬಲಗಣ್ಣು, ಎಡಗಣ್ಣಿಗೆ ಒಂದೊಂದು ಸರಾಸರಿ ದಪ್ಪ. ನರದ ಸುತ್ತ ಸುಮಾರು ಮೂರೂವರೆ ಮಿಲಿಮೀಟರ್ ಅಗಲದ ಒಂದು ವೃತ್ತ ಎಳೆದು, ಅದರ ಉದ್ದಕ್ಕೂ ಎಳೆಗಳ ಪದರ ಎಷ್ಟು ದಪ್ಪ ಇದೆ ಅಂತ ಅಳೆದು ತೆಗೆದ ಸರಾಸರಿ ಅದು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 90ರಿಂದ 100 ಮೈಕ್ರಾನ್ ಆಸುಪಾಸು. ಕೆಳಗೆ ಒಂದು ಅಲೆಯಂಥ ಗೆರೆ ಕಾಣುತ್ತದೆ, ಎರಡು ದಿಬ್ಬ ಇರುತ್ತವೆ. ಕಿಂಡಿಯ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಎಳೆಗಳು ಒತ್ತೊತ್ತಾಗಿ ಬರುವುದರಿಂದ ಆ ಎರಡು ದಿಬ್ಬ. ಗ್ಲಾಕೋಮಾ ಸಾಮಾನ್ಯವಾಗಿ ಮೊದಲು ಕಡಿಯುವುದು ಕೆಳಗಿನ ದಿಬ್ಬವನ್ನು. ಕೆಳಗಿನ ಎಳೆ ಹೋದರೆ ಕಾಣದಂತಾಗುವುದು ಮೇಲಿನ ನೋಟ. ಹಾಗಾಗಿ ಸರಾಸರಿ ಚೆನ್ನಾಗಿಯೇ ಇದ್ದು, ಒಂದೇ ಕಡೆ ದಿಬ್ಬ ಕುಸಿದಿರುವ ಕಾಗದಗಳೂ ಇರುತ್ತವೆ. ಡಾಕ್ಟರ್ ಸರಾಸರಿ ನೋಡಿ ಸುಮ್ಮನಾಗದೆ ಆ ಅಲೆಯ ಮೇಲೆ ಬೆರಳಾಡಿಸುತ್ತಾ ಹೋಗುವುದು ಅದಕ್ಕೇ.

ಇನ್ನು ಬಣ್ಣಗಳು. ಹಸಿರು, ಹಳದಿ, ಕೆಂಪು. ಈ ಬಣ್ಣಗಳಿಂದ ಆಗುವಷ್ಟು ಗಾಬರಿಯಾಗಲಿ, ಸುಳ್ಳು ಸಮಾಧಾನವಾಗಲಿ ಇನ್ಯಾವುದರಿಂದಲೂ ಆಗುವುದಿಲ್ಲ. ಮಷಿನ್ ತಯಾರಿಸಿದ ಕಂಪನಿಯವರು ಕೆಲವು ನೂರು ಆರೋಗ್ಯವಂತರ ಕಣ್ಣು ಅಳೆದು ಒಂದು ಪಟ್ಟಿ ಇಟ್ಟುಕೊಂಡಿರುತ್ತಾರೆ. ನಿಮ್ಮ ದಪ್ಪ ಅವರ ಪೈಕಿ ತೀರಾ ತೆಳ್ಳಗಿರುವ ನೂರಕ್ಕೆ ಒಬ್ಬರ ಸಾಲಿಗೆ ಬಂದರೆ ಕೆಂಪು. ನೂರಕ್ಕೆ ಐವರ ಸಾಲಿಗೆ ಬಂದರೆ ಹಳದಿ. ಅಂದರೆ ಲೆಕ್ಕದ ಪ್ರಕಾರವೇ ಏನೂ ಕಾಯಿಲೆಯಿಲ್ಲದ ಕೆಲವರಿಗೆ ಕೆಂಪು ಬರಬೇಕು, ಬರುತ್ತದೆ ಕೂಡ. ದೊಡ್ಡ ಮೈನಸ್ ನಂಬರಿನ ಕನ್ನಡಕ ಇದ್ದವರ ಕಣ್ಣು ಉದ್ದ ಇರುತ್ತದೆ, ಎಳೆಗಳ ಹಾದಿಯೇ ಕೊಂಚ ಬೇರೆ ಇರುತ್ತದೆ. ಅವರಿಗೆ ಕೆಂಪು ಬೀಳುವುದು ತೀರಾ ಮಾಮೂಲು. ಆ ಪಟ್ಟಿಯಲ್ಲಿ ನಮ್ಮ ಜನರ ಕಣ್ಣು ಎಷ್ಟಿವೆ ಅನ್ನುವುದೂ ಕೇಳಬೇಕಾದ ಪ್ರಶ್ನೆಯೇ.

ಇದರ ಉಲ್ಟಾ ಇನ್ನೂ ಅಪಾಯ. ಒಬ್ಬರಿಗೆ ಹುಟ್ಟಾ ದಪ್ಪ ನರ, 110 ಮೈಕ್ರಾನ್ ಅಂತ ಇಟ್ಟುಕೊಳ್ಳಿ. ಕೆಲವು ವರ್ಷದಲ್ಲಿ 92ಕ್ಕೆ ಇಳಿಯಿತು. ಕಾಗದ ಈಗಲೂ ಪೂರ್ತಿ ಹಸಿರು. 18 ಮೈಕ್ರಾನ್ ಹೋಗಿದೆ, ಮಷಿನ್ ಬೆನ್ನು ತಟ್ಟುತ್ತಿದೆ! ಪಕ್ಕದ ಕುರ್ಚಿಯವರದು 74. ಕಾಗದ ತುಂಬಾ ಕೆಂಪು, ಮನೆಯವರೆಲ್ಲಾ ಹೆದರಿದ್ದಾರೆ. ಆದರೆ ಆರು ವರ್ಷದ ಹಿಂದೆಯೂ ಅವರದು 75 ಇತ್ತು. ಯಾರನ್ನು ನೋಡಿ ಡಾಕ್ಟರ್ ಹುಬ್ಬು ಗಂಟಿಕ್ಕಬೇಕು? ಹಸಿರಿನವರನ್ನು. ಈ ಇಬ್ಬರ ಇವತ್ತಿನ ಕಾಗದ ಮಾತ್ರ ಕೊಟ್ಟರೆ ನಾನೂ ತಪ್ಪು ಹೇಳುತ್ತೇನೆ, ಎಷ್ಟೇ ದೊಡ್ಡ ಡಾಕ್ಟರೂ ತಪ್ಪು ಹೇಳಬಹುದು. ಹಳೆಯದು ಜೊತೆಗಿದ್ದರೆ ನಿಮಿಷದಲ್ಲಿ ಗೊತ್ತಾಗುತ್ತದೆ. ಅದಕ್ಕೇ ನಾನು ಬಂದವರನ್ನೆಲ್ಲಾ ಮೊದಲು ಕೇಳುವುದು, "ಹಳೇ ರಿಪೋರ್ಟ್ ಎಲ್ಲಿದೆ?" ಇವತ್ತು ತೆಗೆದ ಸ್ಕ್ಯಾನಿಗಿಂತ ಮೊಟ್ಟಮೊದಲು ತೆಗೆದ ಸ್ಕ್ಯಾನಿಗೇ ಬೆಲೆ ಜಾಸ್ತಿ.

ನಮ್ಮ ತುಂಗಭದ್ರಾ ಡ್ಯಾಂ ನೋಡಿ. ಇಲ್ಲಿ ಗದ್ದೆ ಇರುವವರಿಗೆಲ್ಲಾ ಡ್ಯಾಂ ನೀರಿನ ಮಟ್ಟ ಬಾಯಿಪಾಠ. 1633 ಅಡಿ ಆದರೆ ಡ್ಯಾಂ ತುಂಬಿತು. 1953ರಲ್ಲಿ ನೀರು ನಿಲ್ಲಿಸಿದಾಗಲೂ ಪೂರ್ತಿ ಮಟ್ಟ ಅಷ್ಟೇ, ಈಗಲೂ ಅಷ್ಟೇ. ಮುನಿರಾಬಾದ್ ಕಡೆ ನಿಂತು ನೋಡಿದರೆ ಅದೇ ಸಮುದ್ರದಂಥ ನೀರು. ಆದರೆ ಆಗ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ. ಕೆಳಗೆ ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಮೇಲಿನ ನೀರು ನೋಡಿದರೆ ಇದು ಗೊತ್ತಾಗುತ್ತಿತ್ತಾ? ತಳ ಅಳೆದಿದ್ದಕ್ಕೆ ಗೊತ್ತಾಯಿತು. ಒಂದು ಸಲ ಅಳೆದಿದ್ದಕ್ಕಲ್ಲ, ಮತ್ತೆ ಮತ್ತೆ ಅಳೆದಿದ್ದಕ್ಕೆ. ಇನ್ನೂ ಒಂದು ಮಜಾ ಇದೆ. 2008ರ ಸಮೀಕ್ಷೆಯಲ್ಲಿ ಸುಮಾರು 100.86 ಟಿಎಂಸಿ ಅಂತ ಬಂತು. 2016ರ ಸಮೀಕ್ಷೆಯಲ್ಲಿ 105.79 ಅಂತ ಬಂತು. ನಡುವೆ ಐದು ಟಿಎಂಸಿ ಹೂಳು ತಾನಾಗಿ ಎದ್ದು ಹೋಯಿತಾ? ಇಲ್ಲ. ಅಳತೆ ಅಂದ ಮೇಲೆ ಅದಕ್ಕೆ ಅದರದೇ ಹೆಚ್ಚುಕಮ್ಮಿ ಇರುತ್ತದೆ.

ಕಣ್ಣಿನ ಸ್ಕ್ಯಾನಿಗೂ ಆ ಹೆಚ್ಚುಕಮ್ಮಿ ಇದೆ. ಒಬ್ಬರದೇ ಕಣ್ಣನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದರೆ ಸರಾಸರಿಯಲ್ಲಿ ಮೂರ್ನಾಲ್ಕು ಮೈಕ್ರಾನ್ ವ್ಯತ್ಯಾಸ ಬರಬಹುದು. ಹೋದ ವರ್ಷ 86, ಈ ವರ್ಷ 83. ಇದರಿಂದ ಏನೂ ಸಾಬೀತಾಗುವುದಿಲ್ಲ. ಸಾಮಾನ್ಯವಾಗಿ 5 ಮೈಕ್ರಾನ್ ಮೀರಿ ಇಳಿದರೆ ಅನುಮಾನ ಪಡುತ್ತಾರೆ. ಆಗಲೂ ಮತ್ತೊಂದು ಸ್ಕ್ಯಾನ್ ತೆಗೆದು ಖಾತ್ರಿ ಮಾಡಿಕೊಳ್ಳುತ್ತಾರೆ. ಜೊತೆಗೆ ವಯಸ್ಸಿನ ಬಾಬ್ತು ಬೇರೆ. ಕಾಯಿಲೆ ಇಲ್ಲದವರ ಪದರವೂ ವರ್ಷಕ್ಕೆ ಸುಮಾರು ಅರ್ಧ ಮೈಕ್ರಾನ್ ತೆಳ್ಳಗಾಗುತ್ತಾ ಹೋಗುತ್ತದೆ. ಹಾಗಾಗಿ ಒಳ್ಳೆಯ ಡಾಕ್ಟರ್ ಎರಡು ಚುಕ್ಕಿ ನೋಡಿ ಗೆರೆ ಎಳೆಯುವುದಿಲ್ಲ. ಶುರುವಿನಲ್ಲೇ ಎರಡು ಸ್ಕ್ಯಾನ್ ತೆಗೆಸಿ ಬುನಾದಿ ಹಾಕಿಕೊಳ್ಳುತ್ತಾರೆ. ಆಮೇಲಿನವನ್ನು ಅದರ ಮೇಲೆ ಒಂದೊಂದಾಗಿ ಇಡುತ್ತಾ ಹೋಗುತ್ತಾರೆ. ನಾಲ್ಕೈದು ಚುಕ್ಕಿ ಕೂಡಿದ ಮೇಲೆ ಮಷಿನ್ನೇ ಒಂದು ಇಳಿಜಾರು ಗೆರೆ ಎಳೆದು, ವರ್ಷಕ್ಕೆ ಇಷ್ಟು ಮೈಕ್ರಾನ್ ಹೋಗುತ್ತಿದೆ ಅಂತ ತೋರಿಸುತ್ತದೆ. ಆ ಗೆರೆ ಸಿಗಬೇಕಾದರೆ ಮಷಿನ್ ಬದಲಾಗಬಾರದು. ಒಂದು ಕಂಪನಿಯ ಮಷಿನ್ನಿನ 88, ಇನ್ನೊಂದು ಕಂಪನಿಯ ಮಷಿನ್ನಿನ 88 ಎರಡೂ ಒಂದೇ ಅಲ್ಲ. ಈ ಸಲ ಕೊಪ್ಪಳ, ಮುಂದಿನ ಸಲ ಬಳ್ಳಾರಿ, ಅದರ ಮುಂದಿನ ಸಲ ಮಗ ಇದ್ದಾನೆ ಅಂತ ಬೆಂಗಳೂರು, ಹೀಗೆ ತೆಗೆಸಿದ ಮೂರು ಸ್ಕ್ಯಾನ್ ಮೂರು ದಿಕ್ಕಿಗೆ ಎಳೆಯುತ್ತವೆ. ದೊಡ್ಡ ಊರಿನ ದೊಡ್ಡ ಮಷಿನ್ ಹುಡುಕುವುದಕ್ಕಿಂತ ಹತ್ತಿರದ ಒಂದೇ ಮಷಿನ್ನಿಗೆ ಅಂಟಿಕೊಳ್ಳುವುದು ಮೇಲು. ಇದು ನನ್ನ ಅಭಿಪ್ರಾಯ, ಆದರೆ ಗಟ್ಟಿ ಅಭಿಪ್ರಾಯ.

ಸ್ಕ್ಯಾನ್ ಕೆಡುವುದು ಹೇಗೆ ಅಂತಲೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಿಮ್ಮ ಪಾಲೂ ಇದೆ. ನಮ್ಮ ಬಿಸಿಲು, ಧೂಳಿಗೆ ಕಣ್ಣು ಒಣಗಿರುತ್ತದೆ. ಬಸ್ಸಿನ ಕಿಟಕಿ ಗಾಳಿಗೆ ಮುಖವೊಡ್ಡಿ ಬಂದು ನೇರ ಕೂತರೆ ಚಿತ್ರ ಮಸುಕಾಗುತ್ತದೆ. ಐದು ನಿಮಿಷ ಕಣ್ಣು ಮುಚ್ಚಿ ಕೂತು, ಬೇಕಾದರೆ ನಮ್ಮಲ್ಲಿ ಕಣ್ಣೀರಿನ ಡ್ರಾಪ್ಸ್ ಹಾಕಿಸಿಕೊಂಡು ಶುರು ಮಾಡಿದರೆ ಎಷ್ಟೋ ವಾಸಿ. ರೆಪ್ಪೆ ಬಡಿದರೆ ಆ ಜಾಗದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಅದನ್ನು ನಾವು ಕೂಡಲೇ ನೋಡಿ ಮತ್ತೆ ತೆಗೆಯುತ್ತೇವೆ. ಕಣ್ಣು ಸರಿದರೆ ರಕ್ತನಾಳಗಳು ಕಡಿದು ಜೋಡಿಸಿದಂತೆ ಕಾಣುತ್ತವೆ. ಕೆಲವೊಮ್ಮೆ ಪದರದ ಅಂಚು ಎಲ್ಲಿ ಅಂತ ಮಷಿನ್ನಿಗೇ ತಿಳಿಯದೆ ಗೆರೆ ಎಲ್ಲೆಲ್ಲೋ ಎಳೆದಿರುತ್ತದೆ. ಅಂಥ ಕಾಗದದಲ್ಲಿ ಒಂದು ಕಡೆ ದಪ್ಪ ಸೊನ್ನೆಗೆ ಬಿದ್ದಿರುತ್ತದೆ. ಸೊನ್ನೆ ದಪ್ಪದ ನರ ಅಂತ ಯಾರಿಗೂ ಇರುವುದಿಲ್ಲ. ಗ್ಲಾಕೋಮಾ ಎಷ್ಟೇ ಮುಂದುವರಿದಿದ್ದರೂ ಸರಾಸರಿ 50, 55ರ ಹತ್ತಿರ ಬಂದು ನಿಂತುಬಿಡುತ್ತದೆ. ಉಳಿದದ್ದು ರಕ್ತನಾಳ ಮತ್ತು ಆಧಾರದ ಅಂಗಾಂಶ. ಅವು ಸವೆಯುವುದಿಲ್ಲ.

ಈ 55ರ ವಿಷಯ ಕೊಂಚ ನಿಂತು ನೋಡಬೇಕಾದ್ದು. ಕಾಯಿಲೆ ಅಷ್ಟು ಮುಂದುವರಿದವರಿಗೆ ವರ್ಷ ವರ್ಷ ಓಸಿಟಿ ತೆಗೆದರೆ ನಂಬರ್ ಬದಲಾಗುವುದೇ ಇಲ್ಲ. "ಸ್ಥಿರವಾಗಿದೆ" ಅಂತ ಖುಷಿಪಡುವಂತಿಲ್ಲ. ಇಳಿಯಲು ಜಾಗವೇ ಉಳಿದಿಲ್ಲ, ಅಷ್ಟೇ. ಅಂಥವರ ನೋಟ ಮಾತ್ರ ಇನ್ನೂ ಕಮ್ಮಿಯಾಗುತ್ತಾ ಇರಬಹುದು. ಆಗ ನೆಚ್ಚಬೇಕಾದ್ದು ಫೀಲ್ಡ್ ಟೆಸ್ಟನ್ನು. ಬಟ್ಟಲಿನಂಥ ಮಷಿನ್ನಿನೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗೆಲ್ಲಾ ಗುಂಡಿ ಒತ್ತುವ ಪರೀಕ್ಷೆ ಅದು. ಅದೆಂದರೆ ಯಾರಿಗೂ ಆಗುವುದಿಲ್ಲ, ಗೊತ್ತು. ನಿದ್ದೆ ಬರುತ್ತದೆ, ಬೆನ್ನು ನೋಯುತ್ತದೆ, ಕಾಣದೆ ಇದ್ದರೂ ಕಂಡಿತೇನೋ ಅನಿಸುತ್ತದೆ. ಸ್ಕ್ಯಾನ್ ಆದರೆ ಸುಮ್ನೆ ಕೂತರಾಯಿತು. ಅದಕ್ಕೇ "ಫೀಲ್ಡ್ ಬ್ಯಾಡ ಮೇಡಂ, ಸ್ಕ್ಯಾನ್ ಒಂದೇ ಮಾಡ್ರಿ" ಅನ್ನುತ್ತಾರೆ. ಒಂದರ ಬದಲು ಇನ್ನೊಂದಿಲ್ಲ. ಕಾಯಿಲೆಯ ಶುರುವಿನಲ್ಲಿ ಸ್ಕ್ಯಾನ್ ಮೊದಲು ಸುಳಿವು ಕೊಡುತ್ತದೆ, ಕೊನೆಕೊನೆಗೆ ಫೀಲ್ಡ್ ಟೆಸ್ಟ್. ನಡುವೆ ಎರಡೂ ಬೇಕು. ಕೆಲವರಿಗೆ ರೆಟಿನಾದ ನಡುಭಾಗದ, ಅಂದರೆ ನೇರ ನೋಟದ ಜಾಗದ ಸ್ಕ್ಯಾನನ್ನೂ ಬರೆದುಕೊಡುತ್ತಾರೆ. ಅಲ್ಲಿ ಎಳೆಗಳ ತಾಯಿಜೀವಕೋಶಗಳು ಒತ್ತಾಗಿ ಇರುತ್ತವೆ. ಸ್ಕ್ಯಾನ್ ಎರಡೆರಡು ಸಲ ಬರೆದಿದ್ದಾರೆ ಅಂತ ಜಗಳ ತೆಗೆಯುವ ಮುಂಚೆ ಜಾಗ ಬೇರೆ ಇರಬಹುದಾ ನೋಡಿ.

ನನಗೆ ಓಸಿಟಿಗಿಂತ ಹೆಚ್ಚು ಪ್ರೀತಿ ಇರುವುದು ಬರೀ ಫೋಟೋ ಮೇಲೆ. ಈಗ ಅದನ್ನು ಹಳೇ ಕಾಲದ್ದು ಅಂತ ಕಡೆಗಣಿಸುತ್ತಾರೆ. ನರದ ಅಂಚಿನಲ್ಲಿ ಒಮ್ಮೊಮ್ಮೆ ಒಂದು ಸಣ್ಣ ರಕ್ತದ ಗೆರೆ ಕಾಣಿಸುತ್ತದೆ. ಕೆಲವು ವಾರ ಇರುತ್ತದೆ, ಆಮೇಲೆ ಕರಗಿಹೋಗುತ್ತದೆ. ಅದು ಕಂಡ ಕಣ್ಣಿನಲ್ಲಿ ಕಾಯಿಲೆ ಮುಂದುವರಿಯುವ ಸಂಭವ ಜಾಸ್ತಿ. ಓಸಿಟಿಯ ನಂಬರಿನಲ್ಲಿ ಅದು ಕಾಣುವುದೇ ಇಲ್ಲ. ಪರೀಕ್ಷೆ ಮಾಡುವ ಡಾಕ್ಟರ್ ಕಣ್ಣಿಗೂ ಸುಲಭಕ್ಕೆ ಬೀಳುವುದಿಲ್ಲ. ಅಮೆರಿಕದಲ್ಲಿ ಕಣ್ಣಿನ ಪ್ರೆಶರ್ ಜಾಸ್ತಿ ಇದ್ದ 1,636 ಜನರನ್ನು ಆರಿಸಿ, ವರ್ಷಾನುಗಟ್ಟಲೆ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ಇದೆ. ಅದರಲ್ಲಿ ಸಿಕ್ಕ ಇಂಥ ರಕ್ತದ ಗೆರೆಗಳ ಪೈಕಿ ನೂರಕ್ಕೆ 84 ಪರೀಕ್ಷೆಯ ವೇಳೆ ತಪ್ಪಿಹೋಗಿ, ಆಮೇಲೆ ಫೋಟೋ ನೋಡಿದಾಗ ಮಾತ್ರ ಸಿಕ್ಕವು. ಅದೇ ಅಧ್ಯಯನದ 2002ರ ವರದಿಯ ಪ್ರಕಾರ, ಗ್ಲಾಕೋಮಾ ಶುರುವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಮೊದಲು ಗೊತ್ತಾದದ್ದು ನರದ ಫೋಟೋದಲ್ಲೇ, ಫೀಲ್ಡ್ ಟೆಸ್ಟ್‌ನಲ್ಲಲ್ಲ. ಡ್ರಾಪ್ಸ್ ಹಾಕಿಕೊಂಡ ಗುಂಪಿನಲ್ಲಿ ಐದು ವರ್ಷಕ್ಕೆ ನೂರಕ್ಕೆ 4.4 ಜನರಿಗೆ ಕಾಯಿಲೆ ಬಂತು, ಹಾಕಿಕೊಳ್ಳದ ಗುಂಪಿನಲ್ಲಿ 9.5 ಜನರಿಗೆ. ಡ್ರಾಪ್ಸ್ ಹಾಕಿ ಏನು ಉಪಯೋಗ ಅನ್ನುವವರಿಗೆ ಇದನ್ನು ಹೇಳಿ.

ಫೋಟೋದ ಇನ್ನೊಂದು ಗುಣ ಅಂದರೆ ಅದು ಹಳತಾಗುವುದಿಲ್ಲ. ಆಸ್ಪತ್ರೆಯವರು ಹೊಸ ಓಸಿಟಿ ಮಷಿನ್ ತಂದ ದಿನ ನಿಮ್ಮ ಹಳೇ ನಂಬರುಗಳನ್ನು ಹೊಸದರ ಜೊತೆ ಕೂಡಿಸಿ ಕಳೆಯಲು ಬರುವುದಿಲ್ಲ, ಬುನಾದಿ ಮತ್ತೆ ಹಾಕಬೇಕು. 2005ರಲ್ಲಿ ತೆಗೆದ ಫೋಟೋವನ್ನು ಇವತ್ತಿನ ಫೋಟೋ ಪಕ್ಕ ಇಟ್ಟು ಯಾವ ಊರಿನ ಡಾಕ್ಟರ್ ಬೇಕಾದರೂ ನೋಡಬಹುದು. ಆದ್ದರಿಂದ ಸ್ಕ್ಯಾನ್ ಮಾಡಿಸುವಾಗ ನರದ ಫೋಟೋ ಕೂಡ ತೆಗೆಯಲು ಆಗುತ್ತಾ ಅಂತ ಕೇಳಿ. ಪ್ರಿಂಟ್ ಅಷ್ಟೇ ಅಲ್ಲ, ಫೈಲನ್ನೇ ಮೊಬೈಲಿಗೆ ಹಾಕಿಸಿಕೊಳ್ಳಿ. ಪ್ರಿಂಟಿನಲ್ಲಿ ಆ ರಕ್ತದ ಗೆರೆ ಎಷ್ಟೋ ಸಲ ಶಾಯಿ ಕಲೆಯಂತೆ ಕಾಣುತ್ತದೆ.

ಮೊಬೈಲ್ ಅಂದಾಗ ನೆನಪಾಯಿತು. ಈಗ ಕ್ಯಾಂಪುಗಳಿಗೆ ಕೈಯಲ್ಲಿ ಹಿಡಿಯುವ ಕ್ಯಾಮೆರಾ ಬರುತ್ತಿದೆ, ಫೋನಿಗೆ ಜೋಡಿಸುವಂಥವೂ ಇವೆ. ಬೆಂಗಳೂರಿನ ಕಂಪನಿಗಳೇ ಇದರಲ್ಲಿ ಹೆಸರು ಮಾಡಿವೆ. ಫೋಟೋ ತೆಗೆದ ಕೂಡಲೇ ಕಂಪ್ಯೂಟರೇ "ಅನುಮಾನ ಇದೆ, ಡಾಕ್ಟರಿಗೆ ತೋರಿಸಿ" ಅನ್ನುತ್ತದೆ. ನಮ್ಮ ಹಳ್ಳಿಗಳಿಗೆ ಇದು ಬಹಳ ಉಪಕಾರ, ನಾನು ಹಗುರ ಮಾಡುವುದಿಲ್ಲ. ಆದರೆ ಅದು ಮಾಡುವುದು ಸೋಸುವ ಕೆಲಸ. ಹುಟ್ಟಿನಿಂದಲೇ ಕೆಲವರ ನರದ ತುದಿ ದೊಡ್ಡದಿರುತ್ತದೆ, ಗುಳಿಯೂ ದೊಡ್ಡದಿರುತ್ತದೆ, ಕಾಯಿಲೆ ಏನೂ ಇರುವುದಿಲ್ಲ. ಕ್ಯಾಂಪಿನಲ್ಲಿ ಹೆದರಿಸಿದರು ಅಂತ ಬೈಯಬೇಡಿ. ಕ್ಯಾಂಪಿನಲ್ಲಿ ಏನಿಲ್ಲ ಅಂದರು ಅಂತ ಇದ್ದ ಡ್ರಾಪ್ಸ್ ಬಿಡಲೂ ಬೇಡಿ. ಆ ಕ್ಯಾಂಪಿನ ಫೋಟೋವನ್ನೂ ಫೈಲಿಗೆ ಸೇರಿಸಿ.

ಇಲ್ಲಿಂದ ಮುಂದೆ ನೀವು ಕೇಳಿದ ಪ್ರಶ್ನೆಗಳು.

ಒಬ್ಬ ಮೇಷ್ಟ್ರು ಕೇಳಿದರು, ಎಷ್ಟು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು ಅಂತ. ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಸ್ಥಿರವಾಗಿದ್ದವರಿಗೆ ಸಾಮಾನ್ಯವಾಗಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೇಳುತ್ತಾರೆ. ಹೊಸದಾಗಿ ಗೊತ್ತಾದವರಿಗೆ ಮೊದಲೆರಡು ವರ್ಷ ಸ್ವಲ್ಪ ಬೇಗ ಬೇಗ ಕರೆಯುತ್ತಾರೆ, ಏಕೆಂದರೆ ಯಾರದು ನಿಧಾನ, ಯಾರದು ಜೋರು ಅನ್ನುವುದು ಆಗಲೇ ತಿಳಿಯಬೇಕು. ಅದು ಆಸ್ಪತ್ರೆಯವರ ದುಡ್ಡಿನ ಆಟ ಅನ್ನುವ ಅನುಮಾನ ನಿಮಗಿದ್ದರೆ, ನೇರ ಕೇಳಿ: "ಡಾಕ್ಟ್ರೇ, ಈ ಸಲದ ಸ್ಕ್ಯಾನಿನಿಂದ ನನ್ನ ಔಷಧಿಯಲ್ಲಿ ಏನು ಬದಲಾಗುತ್ತೆ?" ಉತ್ತರ ಇರಬೇಕು.

ಸ್ಕ್ಯಾನ್ ಎರಡು ವರ್ಷದಿಂದ ಅದೇ ಇದೆ, ಡ್ರಾಪ್ಸ್ ನಿಲ್ಲಿಸಬಹುದಾ? ನಿಲ್ಲಿಸಬೇಡಿ. ಅದೇ ಇರುವುದು ಡ್ರಾಪ್ಸಿನಿಂದಲೇ ಇರಬಹುದು. ಇನ್ನೊಂದು ಮಾತು, ಕೆಲವು ಡ್ರಾಪ್ಸ್ ಬಾಟಲಿಯ ಸೀಲ್ ಒಡೆಯುವವರೆಗೆ ಫ್ರಿಜ್ಜಿನಲ್ಲಿ ಇರಬೇಕು. ಬಾಟಲಿ ಮೇಲೆ ಬರೆದಿರುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಬೈಕಿನ ಡಿಕ್ಕಿಯಲ್ಲಿಟ್ಟು ಊರೆಲ್ಲಾ ಸುತ್ತಿಸಿದರೆ ಅದರಲ್ಲಿ ಔಷಧಿ ಎಷ್ಟು ಉಳಿಯುತ್ತದೆ?

ಹಿಂದಿನ ಸಾಲಿನಿಂದ ಒಬ್ಬ ಅವ್ವ ಕೇಳಿದ್ದು: "ಪೊರಿ ಬಂದೈತಿ ಅಂದಾರ, ಹಣ್ಣಾಗ್ಲಿ ಅಂತ ಕಾಯಾಕ್ಹತ್ತೀನಿ. ನಡೀತೈತೇನು?" ಪೊರೆ ಹಣ್ಣಾಗಲಿ ಅಂತ ಕಾಯುವುದು ಹಳೇ ಕಾಲದ ಪದ್ಧತಿ. ಈಗಿನ ಆಪರೇಷನ್ನಿಗೆ ಅದು ಬೇಕಿಲ್ಲ. ಅದಕ್ಕಿಂತ ದೊಡ್ಡ ಭಯ ಬೇರೆ. ಮಸುಕಾಗುತ್ತಿರುವುದು ಪೊರೆಯಿಂದಲೇ ಅಂತ ನಂಬಿ ಕೂತಾಗ ಹಿಂದೆ ಗ್ಲಾಕೋಮಾ ನರ ತಿನ್ನುತ್ತಿದ್ದರೆ? ಪೊರೆಯನ್ನು ತೆಗೆಯಬಹುದು, ನೋಟ ಬರುತ್ತದೆ. ನರ ಹೋದರೆ ಬರುವುದಿಲ್ಲ. ಪೊರೆ ಇದ್ದಾಗ ಸ್ಕ್ಯಾನಿನ ಸಿಗ್ನಲ್ಲೂ ಕಮ್ಮಿ ಬರುತ್ತದೆ, ದಪ್ಪ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಆಪರೇಷನ್ ಆದ ಮೇಲೆ ಮತ್ತೆ ತೆಗೆದರೆ ನಂಬರ್ ಏರಿರುತ್ತದೆ. "ನರ ಬೆಳೀತು" ಅಂತ ಸಿಹಿ ಹಂಚಿದವರೂ ಇದ್ದಾರೆ. ಬೆಳೆದಿಲ್ಲ, ಕಿಟಕಿ ಸ್ವಚ್ಛ ಆಗಿದೆ. ಪೊರೆ ತೆಗೆಸಿದ ಮೇಲೆ ಹೊಸದಾಗಿ ಒಂದು ಸ್ಕ್ಯಾನ್ ಮಾಡಿಸಿ, ಅಲ್ಲಿಂದ ಲೆಕ್ಕ ಹಿಡಿಯಬೇಕು.

ಒಬ್ಬ ತಾಯಿ ಮಗನನ್ನು ಕರೆತಂದಿದ್ದರು. ಬೇಸಿಗೆಗೆ ಕಣ್ಣು ವಿಪರೀತ ತುರಿಕೆ, ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ಹಾಕಿದರೆ ಒಂದೇ ದಿನಕ್ಕೆ ಆರಾಮ, ಪ್ರತಿ ವರ್ಷ ಅದನ್ನೇ ತರುತ್ತಾರಂತೆ. ಬಿಸಿಲು, ಧೂಳು ಇರುವ ನಮ್ಮ ಸೀಮೆಯಲ್ಲಿ ಮಕ್ಕಳಿಗೆ ಈ ಅಲರ್ಜಿ ಬಹಳ. ಒಂದೇ ದಿನಕ್ಕೆ ಆರಾಮ ಕೊಡುವ ಡ್ರಾಪ್ಸಿನಲ್ಲಿ ಬಹಳ ಸಲ ಸ್ಟಿರಾಯ್ಡ್ ಇರುತ್ತದೆ. ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕೆಲವರಿಗೆ ಪ್ರೆಶರ್ ಏರಿ, ಹದಿನೈದು, ಹದಿನಾರು ವರ್ಷಕ್ಕೇ ಗ್ಲಾಕೋಮಾ ಆಗಬಹುದು. ಈ ಬಾಟಲಿಯನ್ನು ನಾಳೆಯೇ ಡಾಕ್ಟರಿಗೆ ತೋರಿಸಿ, ಹುಡುಗನ ಪ್ರೆಶರ್ ಅಳೆಸಿ. ನರದ ಒಂದು ಫೋಟೋ ಕೂಡ ಇರಲಿ.

ಕೊನೆಗೆ ಕೇಳಿದ್ದು, ಮನೆಯಲ್ಲಿ ಒಬ್ಬರಿಗೆ ಇದ್ದರೆ ಉಳಿದವರು ಏನು ಮಾಡಬೇಕು ಅಂತ. ಅಪ್ಪ, ಅಮ್ಮ, ಅಣ್ಣ, ತಂಗಿ, ಇವರಲ್ಲಿ ಯಾರಿಗಾದರೂ ಇದ್ದರೆ ನಿಮಗೆ ಬರುವ ಸಂಭವ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಆದರೂ ನಾನು ಕಂಡಂತೆ ಅಣ್ಣ ಹತ್ತು ವರ್ಷದಿಂದ ಡ್ರಾಪ್ಸ್ ಹಾಕುತ್ತಿರುತ್ತಾನೆ, ತಮ್ಮ ಅವನನ್ನು ಆಸ್ಪತ್ರೆಗೆ ಕರೆತಂದು ಹೊರಗೆ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಾನೆ. ಬೆಂಚಿನಿಂದ ಎದ್ದು ಅವನೂ ಒಳಗೆ ಬರಲಿ. 40 ದಾಟಿದ್ದರೆ ಪ್ರೆಶರ್, ನರದ ಪರೀಕ್ಷೆ, ಒಂದು ಫೋಟೋ, ಡಾಕ್ಟರ್ ಹೇಳಿದರೆ ಒಂದು ಓಸಿಟಿ. ಎಲ್ಲಾ ಸರಿ ಇದೆ ಅಂತಲೇ ಬರಬಹುದು. ಬಂದರೂ ಆ ಕಾಗದ ಬಿಸಾಕುವಂತಿಲ್ಲ. ಅಣ್ಣನ ಫೈಲ್ ಪಕ್ಕದಲ್ಲೇ ಹೆಸರು, ತಾರೀಖು ಬರೆದು ಇಡಲಿ.